ಪದಕದ ಮುಖ ಬಿಡಿ, ಅಂಚು ಓದಿ

(ಬೆಂಗಳೂರಿನಲ್ಲಿ ನಾಣ್ಯ ಮತ್ತು ಪದಕ ಸಂಗ್ರಹದ ಆಸಕ್ತರ ಸಭೆಯೊಂದರಲ್ಲಿ ಆಡಿದ ಮಾತಿನ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಮಾತು ಶುರು ಮಾಡುವ ಮೊದಲು ಈ ಬಿಲ್ಲೆಯನ್ನು ಒಂದು ಸುತ್ತು ಕಳಿಸುತ್ತೇನೆ. ನೋಡಿ, ಮುಟ್ಟಿ, ಪರವಾಗಿಲ್ಲ. ಒಂದೇ ಕೋರಿಕೆ. ಎರಡು ಬೆರಳಲ್ಲಿ ಅಂಚು ಹಿಡಿಯಿರಿ, ಮುಖ ಮುಟ್ಟಬೇಡಿ. ಬೆರಳಿನ ಬೆವರು ಬೆಳ್ಳಿಗೆ ಆಗಿಬರುವುದಿಲ್ಲ.

ಇದು ನನಗೆ ಸಿಕ್ಕಿದ್ದು ಚಿಕ್ಕಪೇಟೆ ಕಡೆಯ ಸಂಡೇ ಬಜಾರಿನಲ್ಲಿ. ಹಳೇ ಬೀಗ, ನಿಂತ ಗಡಿಯಾರ, ಒಂಟಿ ಕಾಲ್ಗೆಜ್ಜೆ, ಇವುಗಳ ಜೊತೆ ಒಂದು ಸ್ಟೀಲ್ ತಟ್ಟೆಯಲ್ಲಿ ಬಿದ್ದಿತ್ತು. ರಿಬ್ಬನ್ ಇರಲಿಲ್ಲ. ಒಂದು ಕಡೆ ರಾಜನ ತಲೆ. ಇನ್ನೊಂದು ಕಡೆ ಕುದುರೆ ಏರಿದ ಬೆತ್ತಲೆ ಮನುಷ್ಯ. ಅಂಗಡಿಯವರು ಅದನ್ನು ತಕ್ಕಡಿಗೆ ಹಾಕಿ, ಬೆಳ್ಳಿ ರೇಟಿನ ಮೇಲೆ ಇಷ್ಟಾಗುತ್ತೆ ಅಂದರು. ನಾನು ಭೂತಗನ್ನಡಿ ತೆಗೆದು ಅಂಚು ನೋಡತೊಡಗಿದೆ. ಮೊದಲು ಒಂದು ನಂಬರು. ಆಮೇಲೆ ಜಿ ಎನ್ ಆರ್ ಅನ್ನೋ ಮೂರಕ್ಷರ. ಆಮೇಲೆ ಒಂದು ಇನಿಷಿಯಲ್ಲು, ಒಂದು ಹೆಸರು. ಕೊನೆಗೆ ಆರ್ ಎ. ಅಂಗಡಿಯವರೂ ಬಗ್ಗಿ ನೋಡಿದರು. "ಜಿ.ಎನ್.ಆರ್. ಅಂದ್ರೆ ನಮ್ಮ ಕಡೆಯೋರೇ ಯಾರೋ ಇರಬೇಕು ಸಾರ್. ನಮಗೊಬ್ಬರು ಮೇಷ್ಟ್ರು ಜಿ.ಎನ್.ಆರ್. ಅಂತಾನೇ ಇದ್ದರು."

ನೀವು ನಗುತ್ತಿದ್ದೀರಿ. ಆದರೆ ಅವರು ನೋಡಿದ ಜಾಗ ಸರಿಯಾಗೇ ಇತ್ತು. ಎಷ್ಟೋ ಜನ ಸಂಗ್ರಾಹಕರು ಅಂಚಿನ ಕಡೆ ತಿರುಗಿಯೂ ನೋಡುವುದಿಲ್ಲ. ಜಿ ಎನ್ ಆರ್ ಅಂದರೆ ಗನ್ನರ್, ಫಿರಂಗಿ ದಳದ ಸಾಮಾನ್ಯ ಸಿಪಾಯಿ. ಆರ್ ಎ ಅಂದರೆ ರಾಯಲ್ ಆರ್ಟಿಲರಿ. ಪದಕದ ಹೆಸರು ಬ್ರಿಟಿಷ್ ವಾರ್ ಮೆಡಲ್, ಮೊದಲ ಮಹಾಯುದ್ಧದ್ದು. ಬೆಳ್ಳಿಯಲ್ಲಿ ಸುಮಾರು 65 ಲಕ್ಷ ಹಂಚಿದರು. ಅಂದರೆ ಅಪರೂಪದ್ದಂತೂ ಖಂಡಿತ ಅಲ್ಲ. ಮುಖ ನೋಡಿದರೆ 65 ಲಕ್ಷವೂ ಒಂದೇ ಅಚ್ಚು. ಅಂಚು ನೋಡಿದರೆ ಒಂದರ ಹಾಗೆ ಇನ್ನೊಂದಿಲ್ಲ. ನಾನು ಇವತ್ತು ಹೇಳಬೇಕಾಗಿರುವುದು ಇಷ್ಟೇ. ಮುಂದಿನದೆಲ್ಲ ಒಗ್ಗರಣೆ.

ಈ ಅಂಚಿನ ಹೆಸರಿನ ಕಥೆ ವಾಟರ್ಲೂನಿಂದ ಶುರು. 1815ರಲ್ಲಿ ಅಲ್ಲಿ ನೆಪೋಲಿಯನ್ ಸೋತ. ಮರುವರ್ಷ ಬ್ರಿಟಿಷ್ ಸರ್ಕಾರ ಆ ಕಾಳಗದಲ್ಲಿದ್ದ ತನ್ನ ಸೈನಿಕರೆಲ್ಲರಿಗೂ ಬೆಳ್ಳಿ ಪದಕ ಕೊಟ್ಟಿತು. ಜನರಲ್‌ಗೆ ಕೊಟ್ಟದ್ದೇ ಸಿಪಾಯಿಗೂ. ಸತ್ತವರ ಪದಕ ಅವರ ಮನೆಯವರಿಗೆ. ಸುಮಾರು 39,000 ಪದಕ, ಒಂದೊಂದರ ಅಂಚಿನಲ್ಲೂ ಪಡೆದವರ ಹೆಸರು, ಅದೂ ಯಂತ್ರದಿಂದ ಒತ್ತಿದ್ದು. ಅಲ್ಲಿಯತನಕ ಯುದ್ಧ ಗೆದ್ದರೆ ಹೆಸರು ಸೇನಾಪತಿಗಷ್ಟೇ ಹೋಗುತ್ತಿತ್ತು. ಇಲ್ಲಿ ನನಗೆ ಒಂದು ಜಂಬದ ಮಾತು ಹೇಳಬೇಕು ಅನಿಸುತ್ತದೆ, ತಡೆದುಕೊಳ್ಳಲಾರೆ. ನಮ್ಮ ಊರೂರಿನ ವೀರಗಲ್ಲುಗಳಲ್ಲಿ ದನ ಕಾಯಲು ಹೋಗಿ ಸತ್ತವನ ಹೆಸರೂ ಇರುತ್ತದೆ. ಹತ್ತನೇ ಶತಮಾನದ ಆತಕೂರಿನ ಕಲ್ಲಿನಲ್ಲಿ ಹಂದಿಯ ಜೊತೆ ಹೋರಾಡಿ ಸತ್ತ ಕಾಳಿ ಅನ್ನೋ ನಾಯಿಗೂ ಹೆಸರಿದೆ. ಯುರೋಪು ಇದಕ್ಕೆ ಬಂದದ್ದು ತುಸು ತಡವಾಗಿ. ಇರಲಿ, ಬಂತಲ್ಲ.

ಈಗ ಗನ್ನರ್ ಕಡೆ ವಾಪಸ್ ಬರೋಣ. ಯುದ್ಧ ಶುರುವಾದ ಒಂದೆರಡು ವರ್ಷದೊಳಗೇ ರಣರಂಗಕ್ಕೆ ಇಳಿದ ಬ್ರಿಟಿಷ್ ಸಿಪಾಯಿಗೆ ಸಾಮಾನ್ಯವಾಗಿ ಮೂರು ಪದಕ ಬರುತ್ತಿತ್ತು. ಕಂಚಿನ ನಕ್ಷತ್ರ ಒಂದು, ಈ ಬೆಳ್ಳಿಯದು ಒಂದು, ಕಾಮನಬಿಲ್ಲಿನ ಬಣ್ಣದ ರಿಬ್ಬನ್ ಇರುವ ವಿಕ್ಟರಿ ಮೆಡಲ್ ಒಂದು. 1919ರಲ್ಲಿ ಲಂಡನ್ನಿನ ಒಂದು ಪತ್ರಿಕೆಯಲ್ಲಿ ನಾಯಿ, ಪೆಂಗ್ವಿನ್, ಮೊಲ ಇರುವ ಮಕ್ಕಳ ಚಿತ್ರಕಥೆ ಬರತೊಡಗಿತು. ಆ ಪ್ರಾಣಿಗಳ ಹೆಸರು ಪಿಪ್, ಸ್ಕ್ವೀಕ್, ವಿಲ್ಫ್ರೆಡ್. ಜನ ಮೂರು ಪದಕಕ್ಕೂ ಅದೇ ಹೆಸರಿಟ್ಟುಬಿಟ್ಟರು. ಇವತ್ತಿಗೂ ಪದಕದ ವ್ಯಾಪಾರಿಗಳು ಹಾಗೇ ಕರೆಯುತ್ತಾರೆ. ನಿಮ್ಮ ಕೈಯಲ್ಲಿರುವುದು ಸ್ಕ್ವೀಕ್, ಪೆಂಗ್ವಿನ್ನು.

ಸಿಪಾಯಿಗಳು ಇದಕ್ಕೆ ಅರ್ಜಿ ಹಾಕಬೇಕಿರಲಿಲ್ಲ. ಅಂಚೆಯವನು ಸಣ್ಣ ರಟ್ಟಿನ ಡಬ್ಬಿಯಲ್ಲಿ ತಂದುಕೊಡುತ್ತಿದ್ದ. ಅಧಿಕಾರಿಗಳು ಮಾತ್ರ ಅರ್ಜಿ ಹಾಕಿ ಪಡೆಯಬೇಕಿತ್ತು. ಒಮ್ಮೊಮ್ಮೆ ಡಬ್ಬಿ ಬಿಚ್ಚದೆ, ರಿಬ್ಬನ್ ಪೋಣಿಸದೆ ಹಾಗೇ ಉಳಿದ ಪದಕ ಸಿಗುತ್ತದೆ. ಸಂಗ್ರಾಹಕನಿಗೆ ಅದು ಹಬ್ಬ. ಆ ಮನುಷ್ಯ ಯಾಕೆ ಬಿಚ್ಚಲಿಲ್ಲ ಅಂತ ಯೋಚಿಸಿದರೆ ಮಾತ್ರ ಹಬ್ಬದ ಕಳೆ ಹೋಗುತ್ತದೆ.

ಗುರುತು ಹಿಡಿಯುವ ಕೆಲಸದಲ್ಲಿ ಒಂದು ಸೂಕ್ಷ್ಮ ಇದೆ. ಆಗ ಬ್ರಿಟಿಷ್ ಫಿರಂಗಿ ದಳದಲ್ಲಿ ಮೂರು ಕವಲು. ಕುದುರೆ ಎಳೆಯುವ ಹಗುರ ತೋಪಿನವರದು ಫೀಲ್ಡ್ ಆರ್ಟಿಲರಿ, ಭಾರಿ ತೋಪಿನವರದು ಗ್ಯಾರಿಸನ್ ಆರ್ಟಿಲರಿ, ಕುದುರೆ ದಳದ ಜೊತೆ ಓಡುವವರದು ಹಾರ್ಸ್ ಆರ್ಟಿಲರಿ. ಬೆಳ್ಳಿ ಪದಕ ಮತ್ತು ವಿಕ್ಟರಿ ಮೆಡಲ್ ಮೇಲೆ ಮೂವರಿಗೂ ಸುಮ್ನೆ ಆರ್ ಎ ಅಂತ ಒತ್ತಿದರು. ಕಂಚಿನ ನಕ್ಷತ್ರದ ಬೆನ್ನ ಮೇಲೆ ಮಾತ್ರ ಆರ್ ಎಫ್ ಎ, ಆರ್ ಜಿ ಎ ಅಂತ ಬಿಡಿಸಿ ಹಾಕಿರುತ್ತಾರೆ. ನನ್ನ ಹತ್ತಿರ ನಕ್ಷತ್ರ ಇಲ್ಲ. ಹಾಗಾಗಿ ಈ ಗನ್ನರ್ ಯಾವ ತೋಪಿನ ಹತ್ತಿರ ನಿಂತಿದ್ದ ಅನ್ನುವುದು ಬೆಳ್ಳಿ ನೋಡಿ ಹೇಳಲಿಕ್ಕೆ ಬರುವುದಿಲ್ಲ. ಕಾಗದಕ್ಕೆ ಹೋಗಲೇಬೇಕು.

ಕಾಗದ ಅಂದೆ. 1940ರ ಸೆಪ್ಟೆಂಬರಿನಲ್ಲಿ ಜರ್ಮನ್ ವಿಮಾನಗಳು ಲಂಡನ್ ಮೇಲೆ ಬಾಂಬ್ ಸುರಿದಾಗ ವಾಲ್ವರ್ತ್ ಬಡಾವಣೆಯ ಒಂದು ಗೋದಾಮಿಗೆ ಬೆಂಕಿ ಬಿತ್ತು. ಮೊದಲ ಮಹಾಯುದ್ಧದ ಸಿಪಾಯಿಗಳ ಸೇವಾ ದಾಖಲೆ ಇದ್ದದ್ದು ಅಲ್ಲೇ. ಅರ್ಧಕ್ಕಿಂತ ಜಾಸ್ತಿ ಸುಟ್ಟುಹೋಯಿತು. ಉಳಿದವುಗಳಲ್ಲೂ ಎಷ್ಟೋ ಹಾಳೆಗಳ ಅಂಚು ಕರಕಲು. ಅದಕ್ಕೇ ಅವುಗಳಿಗೆ ಸುಟ್ಟ ದಾಖಲೆಗಳು ಅಂತಲೇ ಹೆಸರು. ಪುಣ್ಯಕ್ಕೆ ಯಾರಿಗೆ ಯಾವ ಪದಕ ಅಂತ ಬರೆದ ಸೂಚಿ ಕಾರ್ಡುಗಳು ಉಳಿದುಕೊಂಡವು. ಈಗ ಲಂಡನ್ನಿನ ಕ್ಯೂ ಬಡಾವಣೆಯಲ್ಲಿರುವ ಬ್ರಿಟನ್ನಿನ ರಾಷ್ಟ್ರೀಯ ದಾಖಲೆ ಕೇಂದ್ರದ ಮೂಲಕ ಚಿಕ್ಕ ಶುಲ್ಕ ಕಟ್ಟಿ ಮನೆಯಲ್ಲೇ ಕೂತು ಅವನ್ನು ನೋಡಬಹುದು. ಚಿತ್ರ ತೆಗೆದಾದ ಮೇಲೆ ಮೂಲ ಕಾರ್ಡುಗಳು ಯಾರಿಗೂ ಬೇಡವಾಗಿದ್ದವು. ವೆಸ್ಟರ್ನ್ ಫ್ರಂಟ್ ಅಸೋಸಿಯೇಷನ್ ಅನ್ನೋ ಆಸಕ್ತರ ಸಂಘ ಲಕ್ಷಾಂತರ ಕಾರ್ಡುಗಳನ್ನು ತಾನು ತೆಗೆದುಕೊಂಡು ಉಳಿಸಿತು. ನಮ್ಮಂಥ ಹುಚ್ಚರಿಂದ ಇಷ್ಟಾದರೂ ಉಪಯೋಗ.

ಎಷ್ಟೋ ಸಿಪಾಯಿಗಳಿಗೆ ಇವತ್ತು ಉಳಿದಿರುವ ಕುರುಹು ಎರಡೇ. ಆ ಕಾರ್ಡು ಮತ್ತು ಈ ಅಂಚು.

ನನ್ನ ಗನ್ನರ್ ಕಾರ್ಡು ಸಿಕ್ಕಿತು. ಹೆಸರಿನಿಂದಲ್ಲ, ನಂಬರಿನಿಂದ. ಅದೇ ಹೆಸರಿನವರು ಸಾಲುಗಟ್ಟಿ ನಿಂತಿದ್ದರು. ನಮ್ಮಲ್ಲಿ ಮಂಜುನಾಥ ಅಂತ ಹುಡುಕಿದರೆ ಹೇಗೋ ಹಾಗೆ. ಕಾರ್ಡಿನಲ್ಲಿ ಫೀಲ್ಡ್ ಆರ್ಟಿಲರಿ ಅಂತಿತ್ತು. ರಣರಂಗದ ಕಾಲಮ್ಮಿನಲ್ಲಿ 1, ಅಂದರೆ ಫ್ರಾನ್ಸ್ ಕಡೆ. ಇಳಿದ ವರ್ಷ 1915. ಆಗ ದರ್ಜೆ ಡ್ರೈವರ್, ಆಮೇಲೆ ಗನ್ನರ್. ಡ್ರೈವರ್ ಅಂದ ಕೂಡಲೇ ಲಾರಿ ನೆನಪಾಗಬಾರದು. ಹದಿನೆಂಟು ಪೌಂಡಿನ ಗುಂಡು ಹಾರಿಸುವ ತೋಪನ್ನು ಆರು ಕುದುರೆ ಎಳೆಯುತ್ತಿದ್ದವು. ಜೋಡಿಗೊಬ್ಬನಂತೆ ಮೂವರು, ಎಡಗಡೆಯ ಕುದುರೆ ಮೇಲೆ ಕೂತು ಎರಡನ್ನೂ ಓಡಿಸಬೇಕು. ಕೆಸರಿನಲ್ಲಿ, ಗುಂಡಿನ ನಡುವೆ. ಅಂಥ ಒಬ್ಬನ ಎದೆ ಮೇಲಿದ್ದ ಬೆಳ್ಳಿ ಈಗ ಮೂರನೇ ಸಾಲಿನವರ ಕೈಯಲ್ಲಿದೆ.

ಮೂರು ಪದಕದಲ್ಲಿ ನನಗೆ ಸಿಕ್ಕಿದ್ದು ಒಂದು. ಉಳಿದೆರಡು? ಇಲ್ಲೇ ಗಿರವಿ ಅಂಗಡಿ ಕಥೆಗೆ ಬರುತ್ತದೆ. ಯುದ್ಧ ಮುಗಿದ ಮೇಲೆ ಬ್ರಿಟನ್ನಿನಲ್ಲಿ ಕೆಲಸ ಇರಲಿಲ್ಲ. 1922ರ ನವೆಂಬರಿನಲ್ಲಿ ಲಂಡನ್ನಿನ ಸೆನೊಟಾಫ್ ಸ್ಮಾರಕದ ಮುಂದೆ ನಿರುದ್ಯೋಗಿ ಮಾಜಿ ಸೈನಿಕರು ಮೆರವಣಿಗೆ ಹೋದರು. ಕೋಟಿನ ಮೇಲೆ ಪದಕ, ಪಕ್ಕದಲ್ಲೇ ಗಿರವಿ ಅಂಗಡಿಯ ಚೀಟಿ ಚುಚ್ಚಿಕೊಂಡಿದ್ದರು. ಆ ಚೀಟಿ ಏನಾದರೂ ನನಗೆ ಸಿಕ್ಕರೆ ಪದಕಕ್ಕಿಂತ ಜಾಸ್ತಿ ಬೆಲೆ ಕೊಡುತ್ತೇನೆ.

ಅಡವಿಟ್ಟದ್ದು ಬಿಡಿಸದೆ ಹೋದರೆ ಜೊತೆ ಒಡೆಯುತ್ತದೆ. ಅಣ್ಣತಮ್ಮಂದಿರು ಒಂದೊಂದು ಹಂಚಿಕೊಂಡರೂ ಒಡೆಯುತ್ತದೆ. ಇನ್ನೊಂದು ದೊಡ್ಡ ಪೆಟ್ಟು ಬಿದ್ದದ್ದು 1980ರಲ್ಲಿ. ಆ ವರ್ಷದ ಮೊದಲಲ್ಲಿ ಬೆಳ್ಳಿ ಬೆಲೆ ಆಕಾಶಕ್ಕೇರಿತು. ಒಂದು ಪದಕದಲ್ಲಿ ಸುಮಾರು ಒಂದು ಔನ್ಸ್ ಒಳ್ಳೇ ಬೆಳ್ಳಿ. ಪದಕವಾಗಿ ಮಾರುವುದಕ್ಕಿಂತ ಕರಗಿಸಿದರೇ ಲಾಭ ಅನ್ನುವಂತಾಗಿ, ಕುಲುಮೆಗೆ ಹೋದವು ಲೆಕ್ಕವಿಲ್ಲದಷ್ಟು. ಕಂಚಿನ ಪಿಪ್ಪು, ವಿಲ್ಫ್ರೆಡ್ಡು ಬಚಾವಾದವು. ನಡುವಿನ ಪೆಂಗ್ವಿನ್ ಕರಗಿತು. ಅದಕ್ಕೇ ಸಂಡೇ ಬಜಾರಿನ ತಕ್ಕಡಿ ನೋಡಿದಾಗ ನನಗೆ ಎದೆ ಝಲ್ಲೆಂದದ್ದು.

ಇಂಗ್ಲೆಂಡ್ ಬಿಟ್ಟು ಪಕ್ಕಕ್ಕೆ ಹೋದರೆ ಅಂಚು ಖಾಲಿ. ಫ್ರಾನ್ಸ್, ಜರ್ಮನಿ, ಇಟಲಿಗಳಲ್ಲಿ ಸಾಮಾನ್ಯ ಪದಕದ ಮೇಲೆ ಸಿಪಾಯಿಯ ಹೆಸರು ಒತ್ತುವ ಪದ್ಧತಿ ಇರಲಿಲ್ಲ. ಅಲ್ಲಿ ಬೇರೆ ರೀತಿ ಓದಬೇಕು. ಫ್ರಾನ್ಸಿನ ಕ್ರ್ವಾ ದ ಗೇರ್ ಅನ್ನೋ ಶಿಲುಬೆ ತೆಗೆದುಕೊಳ್ಳಿ. 1915ರ ಏಪ್ರಿಲಿನಲ್ಲಿ ಶುರು ಮಾಡಿದ್ದು. ಹಸಿರು ರಿಬ್ಬನ್, ಅದರಲ್ಲಿ ಸಣ್ಣ ಕೆಂಪು ಗೆರೆಗಳು. ರಿಬ್ಬನ್ ಮೇಲೆ ಚುಚ್ಚಿದ ಗುರುತೇ ಮಾತಾಡುತ್ತದೆ. ಕಂಚಿನ ನಕ್ಷತ್ರ ಇದ್ದರೆ ರೆಜಿಮೆಂಟು ಅಥವಾ ಬ್ರಿಗೇಡ್ ಮಟ್ಟದಲ್ಲಿ ಹೊಗಳಿದ್ದಾರೆ. ಬೆಳ್ಳಿ ನಕ್ಷತ್ರ ಅದಕ್ಕಿಂತ ದೊಡ್ಡ ಪಡೆಯಾದ ಡಿವಿಷನ್ನಿನದು, ಚಿನ್ನದ ನೀರಿನದು ಅದಕ್ಕೂ ದೊಡ್ಡ ಕೋರ್‌ನದು, ತಾಳೆಗರಿ ಇದ್ದರೆ ಎಲ್ಲಕ್ಕಿಂತ ಮೇಲಿನ ಆರ್ಮಿ ಮಟ್ಟದ್ದು. ಶಿಲುಬೆ ತಿರುಗಿಸಿದರೆ ಹಿಂದೆ ಇಸವಿ. ಕೆಲವದರಲ್ಲಿ 1914-1915. ಕೆಲವದರಲ್ಲಿ 1914-1916. ಮತ್ತೆ 1917. ಮತ್ತೆ 1918. ಯುದ್ಧ ಈ ವರ್ಷ ಮುಗಿಯುತ್ತೆ, ಈ ವರ್ಷ ಮುಗಿಯುತ್ತೆ ಅಂತ ಕಾದು ಕಾದು ಅಚ್ಚು ಬದಲಾಯಿಸುತ್ತಾ ಹೋದರು. ನಾಲ್ಕನ್ನೂ ಸಾಲಾಗಿ ಇಟ್ಟು ನೋಡಿ ಒಮ್ಮೆ.

ಜರ್ಮನಿಯ ಐರನ್ ಕ್ರಾಸ್ ವಿಷಯದಲ್ಲಿ ನಾನು ಪೆಟ್ಟು ತಿಂದಿದ್ದೇನೆ, ಹೇಳಿಬಿಡುತ್ತೇನೆ. ಪ್ರಷ್ಯದ ದೊರೆ ಮೂರನೇ ಫ್ರೆಡ್ರಿಕ್ ವಿಲ್ಹೆಲ್ಮ್ ಇದನ್ನು 1813ರ ಮಾರ್ಚ್ 10ರ ತಾರೀಖು ಹಾಕಿ ಶುರು ಮಾಡಿದ. ಅದು ತೀರಿಹೋಗಿದ್ದ ಅವನ ರಾಣಿ ಲೂಯಿಸಳ ಹುಟ್ಟಿದ ದಿನ. ನೆಪೋಲಿಯನ್ ವಿರುದ್ಧದ ಯುದ್ಧಕ್ಕೆ ಹೆಂಗಸರು ಒಡವೆ ಬಿಚ್ಚಿಕೊಟ್ಟು ಕಬ್ಬಿಣದ ಉಂಗುರ ಹಾಕಿಕೊಂಡ ಕಾಲ ಅದು. ಹಾಗಾಗಿ ಪದಕವೂ ಕಬ್ಬಿಣದ್ದು, ಸುತ್ತ ಬೆಳ್ಳಿಯ ಚೌಕಟ್ಟು. ಆಮೇಲೆ 1870, 1914, 1939ರಲ್ಲಿ ಮತ್ತೆ ಮತ್ತೆ ಹೊರಬಂತು. 1914ರ ಎರಡನೇ ದರ್ಜೆಯದರ ಒಂದು ಬದಿಯಲ್ಲಿ ಕಿರೀಟ, ಡಬ್ಲ್ಯು ಅಕ್ಷರ, 1914. ಇನ್ನೊಂದು ಬದಿಯಲ್ಲಿ ಓಕ್ ಎಲೆ ಮತ್ತು 1813. ಮಾರುವವನು ಎರಡನೇ ಬದಿ ಮಾತ್ರ ತೋರಿಸಿ, ನೋಡಿ ಸಾರ್ ಇನ್ನೂರು ವರ್ಷದ್ದು ಅಂದರೆ, ಸುಮ್ನೆ ಮುಗುಳ್ನಕ್ಕು ತಿರುಗಿಸಿ.

ನಾನು ತಿರುಗಿಸಿದೆ, 1914 ಸರಿಯಾಗೇ ಇತ್ತು. ದುಡ್ಡು ಕೊಟ್ಟೆ. ಮನೆಗೆ ಬಂದು ಫ್ರಿಜ್ಜಿನ ಬಾಗಿಲ ಮೇಲಿನ ಅಯಸ್ಕಾಂತ ತಂದು ಹಿಡಿದರೆ ಅಂಟಲೇ ಇಲ್ಲ. ಭೂತಗನ್ನಡಿಯಲ್ಲಿ ನೋಡಿದೆ. ಅಸಲಿ ಪದಕದಲ್ಲಿ ಕಪ್ಪು ಕಬ್ಬಿಣದ ನಡುಭಾಗ ಬೇರೆ, ಬೆಳ್ಳಿ ಚೌಕಟ್ಟಿನ ಎರಡು ಹೋಳು ಬೇರೆ. ಮೂರನ್ನೂ ಸೇರಿಸಿ ಬೆಸೆದಿರುತ್ತಾರೆ. ಕಬ್ಬಿಣ ಮತ್ತು ಚೌಕಟ್ಟು ಸೇರುವ ಕಡೆ ಕೂದಲೆಳೆಯಷ್ಟು ಸಂದು ಕಾಣಬೇಕು. ನನ್ನದರಲ್ಲಿ ಸಂದೇ ಇಲ್ಲ. ಇಡ್ಲಿ ತಟ್ಟೆಯಲ್ಲಿ ಹಿಟ್ಟು ಹೊಯ್ದ ಹಾಗೆ ಒಂದೇ ಎರಕ, ಮೇಲೆ ಕಪ್ಪು ಬಣ್ಣ. ಅಸಲಿಯಲ್ಲೂ ಅಯಸ್ಕಾಂತಕ್ಕೆ ಅಂಟದವು ಅಲ್ಲೊಂದು ಇಲ್ಲೊಂದು ಇವೆ. ಹಾಗಾಗಿ ಅಯಸ್ಕಾಂತ ಒಂದನ್ನೇ ನಂಬಬೇಡಿ. ಸಂದು ನೋಡಿ. ನೋಟು ನೋಡುವ ನೇರಳೆ ದೀಪ ಇದ್ದರೆ ರಿಬ್ಬನ್ ಮೇಲೆ ಹಿಡಿಯಿರಿ. ಹಳೇ ಹತ್ತಿಬಟ್ಟೆ ಮಂಕಾಗಿರುತ್ತದೆ. ಪಳಪಳ ಹೊಳೆದರೆ ಈಚಿನ ಬಟ್ಟೆ ಅಂತ ಅನುಮಾನಪಡಿ. ರಿಬ್ಬನ್ ಹೊಸದಾದರೆ ಪದಕವೇ ನಕಲಿ ಅಂತಲ್ಲ, ಯಾರೋ ಬದಲಾಯಿಸಿರಬಹುದು. ಆ ನಕಲಿ ಪದಕ ನನ್ನ ಮೇಜಿನ ಮೇಲೆ ಈಗಲೂ ಕಾಗದದ ಮೇಲೆ ಭಾರಕ್ಕೆ ಕೂತಿದೆ.

ಹಿಟ್ಲರ್ ಕಾಲದ ಸ್ವಸ್ತಿಕದ ಪದಕಗಳ ಬಗ್ಗೆ ಯಾರಾದರೂ ಕೇಳೇ ಕೇಳುತ್ತೀರಿ. ಜರ್ಮನಿಯಲ್ಲಿ ಅದನ್ನು ಹಾಗೇ ಧರಿಸುವ ಹಾಗಿಲ್ಲ. 1957ರ ಕಾನೂನು ಬಂದ ಮೇಲೆ ಎರಡನೇ ಮಹಾಯುದ್ಧದ ಮಾಜಿ ಸೈನಿಕರಿಗೆ ಸ್ವಸ್ತಿಕ ತೆಗೆದು ಓಕ್ ಎಲೆ ಹಾಕಿದ ಹೊಸ ಅಚ್ಚಿನ ಪದಕ ಧರಿಸಲು ಬಿಟ್ಟರು. ನಾನು ಅವನ್ನು ಓದಿದ್ದೇನೆ, ಕೊಳ್ಳುವುದಿಲ್ಲ. ನಿಮ್ಮ ಇಷ್ಟ ನಿಮಗೆ.

ವಿಕ್ಟರಿ ಮೆಡಲ್ ಬಗ್ಗೆ ಒಂದು ತಮಾಷೆ ಹೇಳಿ ಮುಂದೆ ಹೋಗುತ್ತೇನೆ. ಗೆದ್ದ ದೇಶಗಳೆಲ್ಲ ಒಂದೇ ರಿಬ್ಬನ್ ಇಟ್ಟುಕೊಳ್ಳೋಣ, ಮೇಲೆ ರೆಕ್ಕೆ ಇರುವ ವಿಜಯದೇವತೆ ಇರಲಿ ಅಂತ ಒಪ್ಪಿಕೊಂಡವು. ಬ್ರಿಟನ್, ಫ್ರಾನ್ಸ್, ಬೆಲ್ಜಿಯಂ, ಇಟಲಿ ತಮ್ಮ ತಮ್ಮ ಕಲಾವಿದರಿಂದ ಬೇರೆ ಬೇರೆ ದೇವತೆ ಮಾಡಿಸಿದವು. ಜಪಾನಿಗೆ ರೆಕ್ಕೆಯ ದೇವತೆ ಒಗ್ಗಲಿಲ್ಲ, ತನ್ನದೇ ಯುದ್ಧದೇವರನ್ನು ಹಾಕಿಕೊಂಡಿತು. ಸಯಾಂ, ಅಂದರೆ ಇಂದಿನ ಥಾಯ್ಲೆಂಡ್, ಹಾಕಿದ್ದು ಯಾರನ್ನು ಗೊತ್ತಾ? ನಾರಾಯಣನನ್ನು. ಜರ್ಮನ್ ಚಕ್ರವರ್ತಿ ಕೈಸರನ ಮೇಲಿನ ಗೆಲುವಿಗೆ ಸಾಕ್ಷಾತ್ ಮಹಾವಿಷ್ಣು.

ಈಗ ಬಿಲ್ಲೆಗಳಲ್ಲೆಲ್ಲ ದೊಡ್ಡದು. ಇದನ್ನು ಸುತ್ತು ಕಳಿಸುವುದಿಲ್ಲ, ಭಾರ ಇದೆ, ಚಿತ್ರ ನೋಡಿ. ಸುಮಾರು 12 ಸೆಂಟಿಮೀಟರ್ ಅಗಲದ ಕಂಚಿನ ತಟ್ಟೆ. ಮೊದಲ ಮಹಾಯುದ್ಧದಲ್ಲಿ ಸತ್ತವರ ಮನೆಗೆ ಬ್ರಿಟಿಷ್ ಸರ್ಕಾರ ಕಳಿಸಿದ್ದು. ಸುಮಾರು 13 ಲಕ್ಷಕ್ಕಿಂತ ಜಾಸ್ತಿ ಹೋದವು. ಹೆಣ್ಣುಮಕ್ಕಳ ಹೆಸರಿನವು ಸುಮಾರು 600 ಮಾತ್ರ. ಎಡ್ವರ್ಡ್ ಕಾರ್ಟರ್ ಪ್ರೆಸ್ಟನ್ ಎಂಬ ಲಿವರ್‌ಪೂಲಿನ ಶಿಲ್ಪಿ ಸ್ಪರ್ಧೆಯಲ್ಲಿ ಗೆದ್ದು ಮಾಡಿದ ವಿನ್ಯಾಸ. ಬ್ರಿಟನ್ ದೇಶವನ್ನೇ ಹೆಣ್ಣಾಗಿ ಕಲ್ಪಿಸಿದ ಬ್ರಿಟಾನಿಯಾ ದೇವಿ ಎಲೆಗಳ ಮಾಲೆ ಹಿಡಿದಿದ್ದಾಳೆ, ಮುಂದೆ ಸಿಂಹ. ಅಕ್ಷರಗಳು ಉಬ್ಬಿಕೊಂಡಿವೆ, ಅಂದರೆ ಒಂದೊಂದು ಹೆಸರಿಗೂ ಅಚ್ಚಿನಲ್ಲೇ ಅಕ್ಷರ ಕೂರಿಸಿದ್ದಾರೆ. ಹೆಸರಿನ ಹಿಂದೆ ಮುಂದೆ ದರ್ಜೆ ಇಲ್ಲ. ಕರ್ನಲ್ಲೂ ಅಷ್ಟೇ, ಅಡುಗೆಯವನೂ ಅಷ್ಟೇ. ಬೇಕಂತಲೇ ಬಿಟ್ಟದ್ದು. ಜನ ಇದಕ್ಕೆ ಇಟ್ಟ ಹೆಸರು ಮಾತ್ರ ಖಾರವಾಗಿತ್ತು. ಸತ್ತವನ ಪೆನ್ನಿ. ಆಗಿನ ಒಂದು ಪೆನ್ನಿ ನಾಣ್ಯದ ದೊಡ್ಡಣ್ಣನ ಹಾಗೆ ಕಾಣುತ್ತಿತ್ತು. ಮಗನನ್ನು ಕೊಟ್ಟು ಒಂದು ಪೆನ್ನಿ ತಗೊಂಡ ಹಾಗೆ. ಮನೆಯಲ್ಲಿ ಅದನ್ನು ಉಜ್ಜಿ ಉಜ್ಜಿ ಇಟ್ಟ ತಾಯಂದಿರು ಇದ್ದರು. ಬ್ರಿಟಾನಿಯಾಳ ಮೂಗು ಸವೆದಿರುವ ತಟ್ಟೆ ಕಂಡರೆ ನನಗೆ ಮೊದಲು ನೆನಪಾಗುವುದು ಅವರು.

ಎಲ್ಲ ಕಡೆ ಇದೇ ಸಮಾನತೆ ಇತ್ತು ಅಂದುಕೊಳ್ಳಬೇಡಿ. ಬೆಳ್ಳಿಯ ಬ್ರಿಟಿಷ್ ವಾರ್ ಮೆಡಲ್ಲನ್ನೇ ಸುಮಾರು 1,10,000 ಜನರಿಗೆ ಕಂಚಿನಲ್ಲಿ ಕೊಟ್ಟರು. ಯಾರಿಗೆ? ಚೀನಾ, ಮಾಲ್ಟಾ, ಭಾರತದ ಕೂಲಿ ದಳದವರಿಗೆ. ಮುಖ ಅದೇ, ರಾಜ ಅವನೇ, ಕುದುರೆ ಅದೇ. ಲೋಹ ಬೇರೆ. ನಮ್ಮ ಮೈಸೂರು ಲ್ಯಾನ್ಸರ್ಸ್ ಕುದುರೆ ದಳ 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆ ಈಗಿನ ಇಸ್ರೇಲಿನ ಹೈಫಾ ಊರನ್ನು ಗೆದ್ದ ಕಥೆ ನಿಮಗೆ ಗೊತ್ತೇ ಇದೆ. ನಮ್ಮ ಕಡೆ ಹಳೇ ಪೆಟ್ಟಿಗೆಗಳಲ್ಲಿ ಈ ಪದಕ ಸಿಗುವುದಕ್ಕೆ ಅಂಥವರೂ ಕಾರಣ. ಅಂಚಿನಲ್ಲಿ ಎಸ್ ಮತ್ತು ಎಂ ಅಕ್ಷರ ಜೊತೆಗೆ ಕಂಡರೆ ಸ್ಯಾಪರ್ಸ್ ಅಂಡ್ ಮೈನರ್ಸ್, ಅಂದರೆ ಸೇನೆಯ ಎಂಜಿನಿಯರ್ ದಳ. ಅಲಸೂರು ಕೆರೆ ಪಕ್ಕದವರೇ ಇರಬಹುದು. ಎಸ್.ಎಂ. ಅನ್ನೋ ಮೇಷ್ಟ್ರು ಅಂದುಕೊಂಡು ಗುಜರಿಗೆ ಹಾಕಬೇಡಿ.

ಬದುಕಿದ್ದವರಿಗೆ ಈ ಪದಕ ಏನಾಗಿತ್ತು? ಒಬ್ಬೊಬ್ಬರಿಗೆ ಒಂದೊಂದು. ಹ್ಯಾರಿ ಪ್ಯಾಚ್ ಅಂತ ಇದ್ದರು, ಕಂದಕದಲ್ಲಿ ಹೋರಾಡಿದ ಬ್ರಿಟಿಷರಲ್ಲಿ ಕೊನೆಯವರು. 2009ರಲ್ಲಿ ತೀರಿಕೊಂಡಾಗ 111 ವರ್ಷ. ನೂರು ವರ್ಷ ಆಗುವತನಕ ಯುದ್ಧದ ಬಗ್ಗೆ ಬಾಯಿ ಬಿಟ್ಟವರಲ್ಲ. ಯುದ್ಧ ನಿಂತ ದಿನವಾದ ನವೆಂಬರ್ 11ರ ಸರ್ಕಾರಿ ಸ್ಮರಣೆ ಅವರಿಗೆ ಬರೀ ನಾಟಕದ ಹಾಗೆ ಕಾಣುತ್ತಿತ್ತು. ಅವರ ಸ್ಮರಣೆಯ ದಿನ ಸೆಪ್ಟೆಂಬರ್ 22. 1917ರ ಆ ದಿನ ಅವರ ಮೂವರು ಗೆಳೆಯರು ಸತ್ತಿದ್ದರು. ಫ್ರಾನ್ಸಿನ ಕೊನೆಯ ಸಿಪಾಯಿ ಲಜಾರ್ ಪೊಂಟಿಚೆಲ್ಲಿ ಇಟಲಿಯಿಂದ ಬಂದವರು. ಹದಿನಾರಕ್ಕೇ ವಯಸ್ಸು ಸುಳ್ಳು ಹೇಳಿ ಸೇನೆ ಸೇರಿದರು. ಸರ್ಕಾರಿ ಮರ್ಯಾದೆಯ ಅಂತ್ಯಕ್ರಿಯೆ ಬೇಡವೇ ಬೇಡ ಅಂದಿದ್ದರು. ಕೊನೆಗೆ, ಎಲ್ಲ ಸತ್ತವರ ಹೆಸರಿನಲ್ಲಿ ಸರಳವಾಗಿ ಮಾಡುವುದಾದರೆ ಸರಿ ಅಂತ ಒಪ್ಪಿದರು. ಇತ್ತ, ಎರಡನೇ ಯುದ್ಧದಲ್ಲಿ ಉತ್ತರದ ಹಿಮಸಮುದ್ರ ದಾಟಿ ರಷ್ಯಕ್ಕೆ ಸರಕು ಮುಟ್ಟಿಸಿದ ಬ್ರಿಟಿಷ್ ನಾವಿಕರು ತಮಗೊಂದು ನಕ್ಷತ್ರ ಬೇಕು ಅಂತ ದಶಕಗಟ್ಟಲೆ ಕೇಳಿದರು. ಸಿಕ್ಕಿದ್ದು 2013ರಲ್ಲಿ. ಗಾಲಿಕುರ್ಚಿಯಲ್ಲಿ ಕೂತು ತಗೊಂಡರು. ಹಾಗಾಗಿ ಪದಕ ಅಂದರೆ ಹೆಮ್ಮೆ ಅಂತಲೋ, ಪದಕ ಅಂದರೆ ಬೂಟಾಟಿಕೆ ಅಂತಲೋ ನಾವು ಹೊರಗಿನವರು ತೀರ್ಪು ಕೊಡಲಿಕ್ಕೆ ಹೋಗಬಾರದು.

ನನಗೆ ತುಂಬ ಹಿಡಿಸಿದ ಮರ್ಯಾದೆ ಬೆಲ್ಜಿಯಮ್ಮಿನ ಈಪ್ರ್ ಊರಿನದು. ಅಲ್ಲಿನ ಮೆನಿನ್ ಗೇಟ್ ಅನ್ನೋ ಸ್ಮಾರಕದ ಗೋಡೆಗಳ ಮೇಲೆ, ಮೊದಲ ಯುದ್ಧದಲ್ಲಿ ಸತ್ತು ಶವವೂ ಸಿಗದ 54,000ಕ್ಕಿಂತ ಜಾಸ್ತಿ ಜನರ ಹೆಸರಿದೆ. ಭಾರತದವರೂ ಇದ್ದಾರೆ. 1928ರಿಂದ ರಾತ್ರಿ 8 ಗಂಟೆಗೆ ಬಂಡಿಗಳನ್ನು ನಿಲ್ಲಿಸಿ ಕಹಳೆ ಊದುತ್ತಾರೆ. ಊದುವವರು ಸೈನಿಕರಲ್ಲ, ಊರಿನ ಅಗ್ನಿಶಾಮಕ ದಳದ ಸಂಬಂಧದವರು. ಜರ್ಮನರು ಆ ಊರನ್ನು ಹಿಡಿದಿದ್ದ ವರ್ಷಗಳಲ್ಲಿ ಅಲ್ಲಿ ನಿಂತಿತ್ತು. 1944ರ ಸೆಪ್ಟೆಂಬರ್ 6ಕ್ಕೆ ಪೋಲೆಂಡಿನ ಪಡೆ ಊರು ಬಿಡಿಸಿತು. ಅದೇ ಸಂಜೆ ಮತ್ತೆ ಊದಿದರು.

ಕೊನೆಗೆ ಒಂದು ಮನೆಮದ್ದಿನ ಮಾತು. ಮನೆಯಲ್ಲಿ ಯಾವುದಾದರೂ ಪದಕ ಇದ್ದರೆ ಬ್ರಾಸೋ ಹಾಕಿ ಉಜ್ಜಬೇಡಿ. ವಿಭೂತಿ, ಹುಣಸೆಹಣ್ಣು, ಟೂತ್‌ಪೇಸ್ಟ್ ಯಾವುದೂ ಬೇಡ. ಮೂರಿದ್ದರೆ ಮೂರನ್ನೂ ಒಟ್ಟಿಗೇ ಇಡಿ, ಮಕ್ಕಳಿಗೆ ಒಂದೊಂದು ಹಂಚಬೇಡಿ. ಅಂಚಿನ ಅಕ್ಷರಗಳ ಫೋಟೋ ತೆಗೆದು, ಅದು ಯಾರದ್ದು ಅಂತ ಅಜ್ಜಿಯನ್ನು ಇವತ್ತೇ ಕೇಳಿ ಬರೆದಿಡಿ.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಬೆಲೆ ಎಷ್ಟು ಅಂತ ನಾಲ್ಕು ಜನ ಕೇಳಿದರು. ಬೆಳ್ಳಿ ಬಿಲ್ಲೆ ಅಷ್ಟರಲ್ಲಿ ಕೊನೆಯ ಸಾಲಿಗೆ ಹೋಗಿ ನಿಂತಿತ್ತು. ಅಲ್ಲಿ ಒಬ್ಬರು ನಿವೃತ್ತ ಸುಬೇದಾರರು ಕೂತಿದ್ದರು. ಅವರು ಅದರ ರಾಜನನ್ನೂ ನೋಡಲಿಲ್ಲ, ಕುದುರೆಯನ್ನೂ ನೋಡಲಿಲ್ಲ. ಕನ್ನಡಕ ಹಣೆಗೇರಿಸಿ, ಅಂಚನ್ನು ಟ್ಯೂಬ್‌ಲೈಟಿಗೆ ಹಿಡಿದು ತಿರುಗಿಸಿದರು. "ಹೆಸರು ಆಮೇಲೆ ಸಾರ್, ಫಸ್ಟು ನಂಬರು" ಅಂದರು. ತಮ್ಮ ಸ್ವಂತ ನಂಬರನ್ನು ಒಂದೇ ಉಸಿರಿಗೆ ಹೇಳಿದರು. ಆಮೇಲೆ ಎದ್ದು ನಿಂತು, ಗನ್ನರ್ ನಂಬರನ್ನು ಒಂದೊಂದೇ ಅಂಕಿಯಾಗಿ, ಸಭೆಗೆಲ್ಲ ಕೇಳುವ ಹಾಗೆ ಓದಿದರು.